ಮೊಣಕೈ ತನಕ ಬಂದ ಕಿಡಿ

ನನ್ನ ಭಾವನಿಗೆ ದೋಣಿ ಕಡವಿನ ಜನ ಇಟ್ಟ ಹೆಸರು ಕಿಡಿ. ಹೆಸರು ಕೇಳಿ ಸಿಡುಕ ಎಂದುಕೊಂಡರೆ ತಪ್ಪು. ಅವರಷ್ಟು ತಣ್ಣಗಿನ ಮನುಷ್ಯನನ್ನು ನಾನು ಕಂಡಿಲ್ಲ. ಮನೆಯಲ್ಲಿ ಕಿಡಿ ಕಾರುವ ಕೆಲಸವನ್ನು ಮದುವೆಯಾದಂದಿನಿಂದ ನನ್ನ ಅಕ್ಕನೇ ವಹಿಸಿಕೊಂಡಿದ್ದಾಳೆ. ಭಾವನದು ಬೇರೆ ಕಿಡಿ. ದೋಣಿಯ ಹಿಂಬದಿಗೆ ತಗುಲಿಸುವ ಹಳೆಯ ಮೋಟಾರುಗಳಿರುತ್ತವಲ್ಲ, ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥವು, ಅವು ಹಟ ಹಿಡಿದು ಮಲಗಿದಾಗ ಎಬ್ಬಿಸುವುದು ಅವರ ಕಸುಬು.

ಹೊಸ ಮೋಟಾರಿನವರು ಭಾವನ ಶೆಡ್ಡಿನತ್ತ ತಲೆ ಹಾಕುವುದಿಲ್ಲ. ಅವರಿಗೆ ಕಂಪನಿಯ ವರ್ಕ್‌ಶಾಪ್ ಇದೆ, ಏಸಿ ಇದೆ, ಕುಡಿಯಲು ತಣ್ಣೀರಿದೆ. ಇಲ್ಲಿಗೆ ಬರುವುದು ಬಣ್ಣ ಎದ್ದುಹೋದ, ಮುಚ್ಚಳಕ್ಕೆ ತಂತಿ ಬಿಗಿದ, ಯಜಮಾನನಿಗಿಂತ ಹೆಚ್ಚು ವಯಸ್ಸಾದ ಮೋಟಾರುಗಳು. ಅಂಥ ಮೋಟಾರು ಸ್ಟಾರ್ಟ್ ಆಗುತ್ತಿಲ್ಲವೆಂದರೆ ಒಂದೋ ಪೆಟ್ರೋಲ್ ಹೋಗುತ್ತಿಲ್ಲ, ಇಲ್ಲವೋ ಕಿಡಿ ಬರುತ್ತಿಲ್ಲ. ಪೆಟ್ರೋಲಿನದನ್ನು ಮೂಗಿರುವ ಯಾರು ಬೇಕಾದರೂ ಹೇಳಬಹುದು. ಕಿಡಿಯದ್ದು ಹಾಗಲ್ಲ. ಅದು ಮೇಲಿನ ಚಕ್ರದ ಅಡಿಯಲ್ಲಿ, ಕಾಯಿಲ್, ಕಂಡೆನ್ಸರ್, ಪಾಯಿಂಟು ಎಂಬ ಮೂವರು ದಾಯಾದಿಗಳ ಮಧ್ಯೆ ಎಲ್ಲೋ ಕಳೆದುಹೋಗಿರುತ್ತದೆ, ಕೇಳಿದರೆ ಒಬ್ಬರ ಮೇಲೊಬ್ಬರು ಹೇಳುತ್ತಾರೆ.

ಭಾವ ಅದನ್ನು ಕೈಯಿಂದ ಕಂಡುಹಿಡಿಯುತ್ತಿದ್ದರು. ಕೈಯಿಂದ ಎಂದರೆ ಅಕ್ಷರಶಃ ಕೈಯಿಂದ. ಪ್ಲಗ್ಗಿನ ತಂತಿಯನ್ನು ಬಿಚ್ಚಿ, ಅದರ ತುದಿಯ ಲೋಹಕ್ಕೆ ಎಡಗೈಯ ಕಿರುಬೆರಳು ತಾಗಿಸಿ, ಬಲಗೈಯಿಂದ ಹಗ್ಗ ಎಳೆಯುತ್ತಿದ್ದರು. ಶಾಕ್ ಹೊಡೆಯುತ್ತಿತ್ತು. ಅದು ಎಲ್ಲಿಯ ತನಕ ಬಂತು ಎಂಬುದೇ ಅವರ ಲೆಕ್ಕ. ಬೆರಳಲ್ಲೇ ನಿಂತರೆ ಪಾಯಿಂಟು ಕೊಳೆಯಾಗಿದೆ, ಇಲ್ಲವೇ ಕಂಡೆನ್ಸರ್ ಕೆಟ್ಟಿದೆ. ಮಣಿಕಟ್ಟಿಗೆ ಬಂದು ನಿಂತರೆ ಕಾಯಿಲ್‌ಗೆ ಮುಪ್ಪು. ಮೊಣಕೈ ಮುಟ್ಟಿದರೆ ಕಿಡಿ ಗಟ್ಟಿಯಾಗಿದೆ, ರೋಗ ಬೇರೆಲ್ಲೋ ಇದೆ, ಹುಡುಕು.

ಈ ಅಳತೆ ಕಡವಿನ ಮಾತಿಗೇ ಸೇರಿಹೋಗಿತ್ತು. ಚಹಾ ಅಂಗಡಿಯಲ್ಲಿ ಕೂತವರು "ಏನಯ್ಯಾ ಇದು, ಬೆರಳಿಗೂ ಬರ್ಲಿಲ್ಲ. ಒಂದು ಮೊಣಕೈ ಚಹಾ ಕೊಡು" ಎನ್ನುತ್ತಿದ್ದರು. ಹೊಸದಾಗಿ ಮದುವೆಯಾದವನನ್ನು ಹೆಂಡತಿ ಹೇಗೆ ಎಂದು ಕೇಳಿದರೆ, "ಮಣಿಕಟ್ಟಣ್ಣಾ, ಇನ್ನೂ ಹೊಸದಲ್ವಾ" ಎಂದು ನಗುತ್ತಿದ್ದ.

ನನ್ನದು ಪಕ್ಕದ ಅಂಗಡಿ. ಹಗ್ಗ, ಬಣ್ಣ, ಮೊಳೆ, ಮೋಟಾರಿನ ಬಿಡಿಭಾಗ ಮಾರುತ್ತೇನೆ. ಶೆಡ್ಡಿಗೂ ನನಗೂ ನಡುವೆ ಇರುವುದು ಹಲಗೆಯ ಗೋಡೆ. ಅದರ ಸಂದಿಯಿಂದ ಶೆಡ್ಡಿನ ಮುಕ್ಕಾಲು ಭಾಗ ಕಾಣುತ್ತದೆ: ಮೋಟಾರು ಬಿಗಿಯುವ ಮರದ ಸ್ಟ್ಯಾಂಡು, ಓಡಿಸಿ ನೋಡಲು ನೀರು ತುಂಬಿದ ಡ್ರಮ್ಮು, ಮೂಲೆಯಲ್ಲಿ ಯಾರೂ ವಾಪಸು ಒಯ್ಯದ ಮೋಟಾರುಗಳ ರಾಶಿ. ಹಿಂದೆಯೇ ಮನೆ. ಅಕ್ಕ ಈ ಶೆಡ್ಡಿಗೆ ಕಾಲಿಡುತ್ತಿರಲಿಲ್ಲ. ಅಲ್ಲಿನ ಪೆಟ್ರೋಲ್ ವಾಸನೆ ಅವಳಿಗೆ ಆಗದು. ಊಟಕ್ಕೆ ಕರೆಯಬೇಕಾದರೆ ಅಡುಗೆಮನೆಯ ಕಿಟಕಿಯಿಂದ ಪಾತ್ರೆಗೆ ಸೌಟು ಬಡಿಯುತ್ತಿದ್ದಳು.

ಆ ಕಿಟಕಿಯಿಂದಲೇ ಅವಳು ಭಾವ ಬೀಳುವುದನ್ನು ನೋಡಿದ್ದು.

ಆ ಹೊತ್ತಿಗೆ ಅವರ ಕೈಯಲ್ಲಿ ತಂತಿಯೂ ಇರಲಿಲ್ಲ, ಮೋಟಾರೂ ಇರಲಿಲ್ಲ. ನಲ್ಲಿಯ ಹತ್ತಿರ ಕೈಯ ಎಣ್ಣೆ ತೊಳೆಯುತ್ತಾ ನಿಂತವರು ನಿಂತ ಹಾಗೆಯೇ ಕುಸಿದರು. ಅದಕ್ಕೂ ಮೊದಲು ತಲೆ ಸುತ್ತುತ್ತಿತ್ತಂತೆ, ಕಣ್ಣಿಗೆ ಕತ್ತಲೆ ಬರುತ್ತಿತ್ತಂತೆ. ಯಾರಿಗೂ ಹೇಳಿರಲಿಲ್ಲ. ಊರ ಮೋಟಾರಿನ ಉಸಿರು ಕೇಳುವವರು ತಮ್ಮದನ್ನು ಕೇಳಿಸಿಕೊಂಡಿರಲಿಲ್ಲ. ನಾನು ಈ ಮಾತನ್ನು ಅವರ ಮುಖಕ್ಕೇ ಅಂದಿದ್ದೇನೆ, ಅವರು ನಕ್ಕರು.

ಆಸ್ಪತ್ರೆಯಲ್ಲಿ ಡಾಕ್ಟರು ವಿವರಿಸಿದರು. ಹೃದಯ ಬಡಿಯಲು ಒಳಗೇ ಒಂದು ಸಣ್ಣ ಕರೆಂಟು ಹುಟ್ಟುತ್ತದೆ, ಇವರದರಲ್ಲಿ ಅದು ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ, ಕೆಲವು ಸಲ ಬರುವುದೇ ಇಲ್ಲ.

"ಟೈಮಿಂಗ್ ಹೋಗಿದೆ ಅನ್ನಿ" ಎಂದರು ಭಾವ ಮಲಗಿದಲ್ಲಿಂದಲೇ.

ಡಾಕ್ಟರು ನಕ್ಕರು. "ಹೌದು, ಅಷ್ಟೇ. ಎದೆಯೊಳಗೆ ಪೇಸ್‌ಮೇಕರ್ ಅಂತ ಒಂದು ಪುಟ್ಟ ಪೆಟ್ಟಿಗೆ ಇಡ್ತೀವಿ. ಅದು ಸರಿಯಾದ ಹೊತ್ತಿಗೆ ಕಿಡಿ ಕೊಡುತ್ತೆ. ಅಂದಹಾಗೆ, ಏನು ಕೆಲಸ ನಿಮ್ಮದು?"

ಭಾವ ಹೇಳಿದರು. ಬೆರಳು, ಮಣಿಕಟ್ಟು, ಮೊಣಕೈ ಎಲ್ಲವನ್ನೂ ಸವಿಸ್ತಾರವಾಗಿ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ಡಾಕ್ಟರ ನಗು ನಿಂತಿತು.

"ಇನ್ನು ಮುಂದೆ ಅದೆಲ್ಲ ಇಲ್ಲ" ಎಂದರು. "ಅಂಥ ಶಾಕ್ ತಗೊಂಡ್ರೆ ಪೆಟ್ಟಿಗೆಗೆ ಗೊಂದಲ ಆಗುತ್ತೆ. ಅದು ಸುಮ್ಮನಾದ್ರೆ ನಿಮ್ಮ ಹೃದಯಾನೂ ಸುಮ್ಮನಾಗಬಹುದು. ಮೋಟಾರಿನ ಚಕ್ರದಲ್ಲಿ ಆಯಸ್ಕಾಂತ ಬೇರೆ ಇರುತ್ತೆ. ಕೈ ಚಾಚಿದ್ರೂ ಸಿಗಬಾರದು, ಅಷ್ಟು ದೂರ ಇರಿ."

ಅಕ್ಕ ಪಕ್ಕದಲ್ಲೇ ನಿಂತಿದ್ದಳು. ಪೆಟ್ಟಿಗೆ ಇಡಿಸಿಕೊಂಡು ಭಾವ ಮನೆಗೆ ಬಂದ ದಿನ ಅವಳು ನನ್ನ ಅಂಗಡಿಗೆ ನುಗ್ಗಿ ಕೆಂಪು ಬಣ್ಣದ ಡಬ್ಬಿಯನ್ನೂ ಬ್ರಷ್ಷನ್ನೂ ತಾನೇ ತೆಗೆದುಕೊಂಡು, ಜನ್ಮದಲ್ಲಿ ಕಾಲಿಡದ ಶೆಡ್ಡಿಗೆ ಕಾಲಿಟ್ಟಳು. ಮೂಗಿಗೆ ಸೆರಗು ಹಿಡಿದುಕೊಂಡು, ಸ್ಟ್ಯಾಂಡಿನಿಂದ ಭಾವನ ಕೈಯುದ್ದವನ್ನು ಅಳೆದು, ಸಾಲದೆಂದು ಇನ್ನಷ್ಟು ಸೇರಿಸಿ, ನೆಲದ ಮೇಲೆ ಗೋಡೆಯಿಂದ ಗೋಡೆಗೆ ಒಂದು ಗೆರೆ ಎಳೆದಳು. ಗೆರೆ ಸೊಟ್ಟಗಿತ್ತು. ಅದರ ಈಚೆಗೆ ಒಂದು ಕುರ್ಚಿ ತಂದು ಹಾಕಿದಳು.

"ಇದು ನಿಮ್ಮ ಜಾಗ. ಗೆರೆ ದಾಟಿದ್ರೆ ಶೆಡ್ಡಿಗೆ ಬೀಗ ಹಾಕಿ, ಬೀಗದಕೈ ಹೊಳೆಗೆ ಎಸೀತೀನಿ. ಹೇಳಿಲ್ಲ ಅನ್ನಬೇಡಿ."

ಭಾವ ಕುರ್ಚಿಯಲ್ಲಿ ಕೂತರು. ಬಾಯಿ ಇತ್ತಲ್ಲ, ಬಾಯಿಂದಲೇ ರಿಪೇರಿ ನಡೆಸೋಣವೆಂದುಕೊಂಡರು. ಬಂದ ದೋಣಿಯವರೇ ತಮ್ಮ ಮೋಟಾರನ್ನು ಬಿಚ್ಚಬೇಕು, ತಾವೇ ತಂತಿಗೆ ಬೆರಳು ಕೊಡಬೇಕು, ಎಲ್ಲಿ ತನಕ ಬಂತು ಎಂದು ಹೇಳಬೇಕು, ಭಾವ ಕೂತಲ್ಲಿಂದ ರೋಗ ಹೇಳುತ್ತಾರೆ. ಏರ್ಪಾಡು ಚೆನ್ನಾಗಿಯೇ ಇತ್ತು. ಅದರಲ್ಲಿ ಒಂದೇ ತೊಂದರೆ ಎಂದರೆ ದೋಣಿಯವರು ಗಂಡಸರಾಗಿದ್ದರು.

ಮೊದಲು ಬಂದವನು ತಂತಿ ಹಿಡಿದು ಹಗ್ಗ ಎಳೆದ. ಗೋಡೆಯ ಸಂದಿಯಿಂದ ನಾನು ನೋಡಿದೆ, ಅವನ ಕಣ್ಣುಗುಡ್ಡೆ ಹೊರಗೆ ಬಂದು ಒಳಗೆ ಹೋಯಿತು.

"ಎಲ್ಲಿ ತನಕ?" ಎಂದರು ಭಾವ.

"ಏ, ಏನಿಲ್ಲಣ್ಣಾ. ಇರುವೆ ಕಚ್ಚಿದ ಹಾಗಾಯ್ತು, ಅಷ್ಟೇ" ಎಂದ, ಬೆನ್ನ ಹಿಂದೆ ಕೈ ಒದರುತ್ತಾ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ. ಬಂದವರೆಲ್ಲ ಹೀಗೇ. ಸುತ್ತ ನಾಲ್ಕು ಜನ ನೋಡುತ್ತಿರುವಾಗ, ಭಾವ ವರ್ಷಗಟ್ಟಲೆ ಮುಖ ಕಿವುಚದೆ ತಿಂದ ಶಾಕನ್ನು ತನಗೆ ತಡೆಯಲಾಗಲಿಲ್ಲ ಎಂದು ಯಾವನು ಒಪ್ಪುತ್ತಾನೆ? ಮೊಣಕೈ ದಾಟಿದ್ದು ಅವರ ಬಾಯಲ್ಲಿ ಬೆರಳಾಗುತ್ತಿತ್ತು. ಭಾವ ಅದನ್ನು ನಂಬಿ, ಕಿಡಿ ಸಪ್ಪೆ, ಕಂಡೆನ್ಸರ್ ಬದಲಿಸು, ಕಾಯಿಲ್ ಬದಲಿಸು ಎನ್ನುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಗಟ್ಟಿಮುಟ್ಟಾದ ಕಾಯಿಲ್‌ಗಳೆಲ್ಲ ಗುಜರಿ ಸೇರಿದವು. ಮೋಟಾರುಗಳು ಹೋದಂತೆ ಹೋಗಿ, ಅದೇ ಕಾಯಿಲೆ ಹೊತ್ತುಕೊಂಡು ವಾಪಸು ಬಂದವು.

ನಾನು ನನ್ನ ಅಂಗಡಿಯಿಂದ ಒಂದು ಟೆಸ್ಟರ್ ತಂದುಕೊಟ್ಟೆ. ತಂತಿಗೆ ಸಿಕ್ಕಿಸಿದರೆ ಕಿಡಿ ಬಂದಾಗ ಪುಟ್ಟ ದೀಪ ಹೊತ್ತುತ್ತದೆ. ಭಾವ ಅದು ಹೊತ್ತುವುದನ್ನು ಕೂತಲ್ಲಿಂದಲೇ ನೋಡಿ ನನಗೇ ಹಿಂತಿರುಗಿಸಿದರು.

"ಸತ್ತ ಕಿಡಿಗೂ ಹೊತ್ತುತ್ತೆ, ಬದುಕಿರೋ ಕಿಡಿಗೂ ಹೊತ್ತುತ್ತೆ ಕಣೋ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತೆ ಇದು. ಎಷ್ಟು ಗಟ್ಟಿ ಅಂತ ಹೇಳಲ್ಲ."

ನಾನದನ್ನು ಮತ್ತೆ ಮಾರಾಟಕ್ಕೆ ತೂಗುಹಾಕಿದೆ.

ಚಹಾ ಅಂಗಡಿಯಲ್ಲಿ ಮಾತು ಶುರುವಾಯಿತು. ಕಿಡಿ ಆರಿತು ಎಂದರು. ಮೊದಲೆಲ್ಲ ಕಣ್ಣುಮುಚ್ಚಿ ಹೇಳುತ್ತಿದ್ದರು, ಈಗ ಕಣ್ಣುಬಿಟ್ಟರೂ ತಪ್ಪುತ್ತಾರೆ ಎಂದರು. ಭಾವನ ಕಿವಿಗೂ ಬಿತ್ತು. ಬೆಳಗಿನ ಹೊತ್ತು ಅವರು ಶೆಡ್ಡಿಗೆ ಬರುವುದು ತಡವಾಗತೊಡಗಿತು. "ಊಟಕ್ಕೆ ಕೂತ್ರೆ ಎಡಗೈ ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡ್ತಿರ್ತಾರೆ ಕಣೋ" ಎಂದು ಅಕ್ಕ ನನ್ನ ಹತ್ತಿರ ಹೇಳಿದಳು. "ನನಗೆ ಹೆದರಿಕೆ ಆಗುತ್ತೆ. ಒಂದಿನ ನಾನಿಲ್ಲದಾಗ ಮುಟ್ಟೇಬಿಡ್ತಾರೆ. ನೀನು ಆ ಸಂದೀಲಿ ಒಂದು ಕಣ್ಣಿಟ್ಟಿರು." ಕಾವಲು ನಾನು ಮೊದಲಿನಿಂದಲೂ ಬರೀ ಕುತೂಹಲಕ್ಕೆ ಮಾಡುತ್ತಲೇ ಇದ್ದೆ, ಆದ್ದರಿಂದ ಒಪ್ಪಿಕೊಂಡೆ.

ಆಮೇಲೆ ಬಂದದ್ದು ಚಿಕ್ಕಮ್ಮನ ಮೋಟಾರು. ಚಿಕ್ಕಮ್ಮ ಯಾರಿಗೂ ನಿಜವಾದ ಚಿಕ್ಕಮ್ಮನಲ್ಲ, ಕಡವಿಗೆಲ್ಲ ಚಿಕ್ಕಮ್ಮ. ಆಚೆ ದಡದಿಂದ ನರ್ಸಮ್ಮನನ್ನೂ ಶಾಲೆಯ ಮಕ್ಕಳನ್ನೂ ದಾಟಿಸುವ ದೋಣಿ ಅವಳದು. ಮೋಟಾರು ಹಗ್ಗ ಎಳೆದರೆ ತಿರುಗಿ ಕೈಗೇ ಒದೆಯುತ್ತಿತ್ತು, ಒಮ್ಮೊಮ್ಮೆ ಢಂ ಎಂದು ಸಿಡಿಯುತ್ತಿತ್ತು, ಓಡಿದರೂ ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ಚಿಕ್ಕಮ್ಮನ ಅಳಿಯ ತಂತಿ ಹಿಡಿದ. ಆಳು ದೊಡ್ಡವನು, ಮೀಸೆ ಅದಕ್ಕಿಂತ ದೊಡ್ಡದು. ಇರುವೆ ಎಂದ. ಭಾವ ಕಂಡೆನ್ಸರ್ ಬದಲಿಸು ಎಂದರು. ಮತ್ತೂ ಇರುವೆ. ಕಾಯಿಲ್ ಬದಲಿಸು ಎಂದರು. ಮತ್ತೂ ಅದೇ ಇರುವೆ. ಮೋಟಾರು ಒದೆಯುವುದನ್ನು ಬಿಡಲಿಲ್ಲ.

"ಏನಪ್ಪಾ ಕಿಡಿ, ಆಗಲ್ಲ ಅಂದ್ರೆ ಆಗಲ್ಲ ಅಂದ್ಬಿಡು" ಎಂದಳು ಚಿಕ್ಕಮ್ಮ. ಬೈದು ಹೇಳಿದ್ದರೆ ಭಾವನಿಗೆ ಅಷ್ಟು ನೋಯುತ್ತಿರಲಿಲ್ಲ. ಅವಳು ಮೆತ್ತಗೆ, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ ಹೇಳಿದಳು. "ನಾನು ಬೇರೆ ಕಡೆ ನೋಡ್ಕೋತೀನಿ. ನೀನು ಆರಾಮಾಗಿರು."

ಚಿಕ್ಕಮ್ಮನೂ ಅಳಿಯನೂ ಊಟಕ್ಕೆ ಹೋದರು. ಶೆಡ್ಡಿನಲ್ಲಿ ಭಾವ ಒಬ್ಬರೇ. ನಾನು ಸಂದಿಗೆ ಕಣ್ಣಿಟ್ಟೆ. ಭಾವ ಕುರ್ಚಿಯಿಂದ ಎದ್ದರು. ಚಪ್ಪಲಿಯನ್ನು ಕುರ್ಚಿಯ ಬಳಿ ಜೋಡಿಸಿಟ್ಟರು. ಗೆರೆಯ ಹತ್ತಿರ ನಿಂತು ಕಿಟಕಿಯತ್ತ ನೋಡಿದರು. ಆಮೇಲೆ ದಾಟಿದರು. ಎಡಗೈ ಅಂಗಿಗೆ ಒರೆಸಿಕೊಂಡು ತಂತಿಯ ಕಡೆಗೆ ಚಾಚಿದರು, ಬಲಗೈ ಹಗ್ಗ ಹಿಡಿದಿತ್ತು.

ನನಗೆ ಧೈರ್ಯ ಕಡಿಮೆ, ಗಂಟಲು ದೊಡ್ಡದು. "ಅಕ್ಕಾ!" ಎಂದು ಕಿರುಚಿದೆ.

ಅವಳು ಒದ್ದೆ ಕೈಯಲ್ಲೇ ಓಡಿಬಂದಳು. ನಾನೂ ಹಿಂದೆಯೇ ಹೋದೆ. ಭಾವ ತಂತಿ ಬಿಟ್ಟಿದ್ದರು, ಹಗ್ಗ ಬಿಟ್ಟಿರಲಿಲ್ಲ. ಕೂಗಾಡುತ್ತಾಳೆ ಎಂದುಕೊಂಡಿದ್ದೆ, ಅವಳು ಕೂಗಾಡಲಿಲ್ಲ.

"ಬನ್ನಿ ಈಚೆಗೆ" ಎಂದಳು.

"ಒಂದೇ ಒಂದು ಸಲ ಕಣೆ. ಒಂದೇ ಎಳೆತ. ಗೊತ್ತಾಗಿಬಿಡುತ್ತೆ."

"ಈಚೆಗೆ ಬನ್ನಿ ಅಂದೆ."

"ಬಂದು ಏನು ಮಾಡ್ಲಿ?" ಭಾವ ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಕುರ್ಚಿ ಕಾಯ್ಲಾ? ಈ ಕೈ ಇಲ್ಲ ಅಂದ್ಮೇಲೆ ನಾನು ಇದ್ರೆಷ್ಟು, ಬಿಟ್ರೆಷ್ಟು?"

ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. ಬೆರಳ ಸಂದಿಯನ್ನೂ ಬಿಡದೆ, ಪಾತ್ರೆ ಒರೆಸುವಂತೆ ಒರೆಸಿಕೊಂಡಳು.

"ಯಾವ ಬೆರಳು?" ಎಂದು ಕೇಳಿದಳು.

ಭಾವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಬೇಡ ಕಣೆ, ನೋವಾಗುತ್ತೆ."

"ನೋವಾಗುತ್ತೆ ಅಂತ ಇವತ್ತು ಹೇಳ್ತಿದೀರಾ? ಇಷ್ಟು ವರ್ಷ ಏನೂ ಆಗಲ್ಲ, ಏನೂ ಆಗಲ್ಲ ಅಂತಿದ್ರಿ. ಹೋಗಿ ಕೂತ್ಕೊಳ್ಳಿ. ನೀನು ಎಳೆಯೋ" ಎಂದಳು ನನಗೆ.

ಭಾವ ಗೆರೆ ದಾಟಿ ಕುರ್ಚಿಗೆ ಹೋದರು. ಅಕ್ಕ ಕಿರುಬೆರಳು ತಾಗಿಸಿ ಕಣ್ಣು ಮುಚ್ಚಿಕೊಂಡಳು. ನಾನು ಎಳೆದೆ.

ಅವಳು ಕಿರುಚಿದ್ದಕ್ಕೆ ತಗಡಿನ ಮೇಲೆ ಕೂತಿದ್ದ ಕಾಗೆಗಳೆಲ್ಲ ಎದ್ದವು. ಮೋಟಾರಿಗೆ ಬೈದಳು, ಮೋಟಾರು ಕಂಡುಹಿಡಿದವನಿಗೆ ಬೈದಳು, ಎಳೆದ ತಪ್ಪಿಗೆ ನನಗೂ ಬೈದಳು. ಆಮೇಲೆ ನೇರ ಭಾವನ ಹತ್ತಿರ ಹೋಗಿ ಅವರ ಎಡಗೈ ಹಿಡಿದೆಳೆದು, ಮೊಣಕೈಯಿಂದ ಒಂದಿಷ್ಟು ಮೇಲೆ ಬೆರಳಿಟ್ಟು ಒತ್ತಿದಳು.

"ಇಲ್ಲಿ ತನಕ."

"ಸರಿಯಾಗಿ ಹೇಳು. ಮಣಿಕಟ್ಟಾ, ಮೊಣಕೈಯಾ?"

"ಇಲ್ಲಿ ತನಕ ಅಂದೆನಲ್ಲ! ಸುಳ್ಳು ಹೇಳೋಕೆ ನನಗೇನು ಮೀಸೆ ಇದೆಯಾ?"

ಭಾವ ತಮ್ಮ ತೋಳನ್ನೇ, ಅವಳ ಬೆರಳಿದ್ದ ಜಾಗವನ್ನೇ ನೋಡುತ್ತಾ ಕೂತರು.

"ಹಾಗಾದ್ರೆ ಕಿಡಿ ಗಟ್ಟಿಯಾಗೇ ಇದೆ" ಎಂದರು ಮೆಲ್ಲಗೆ. "ಮೊದಲಿಂದ್ಲೂ ಇತ್ತು. ಇರುವೆ ಅಂತೆ, ಇರುವೆ! ಕಿಡಿ ಇದೆ, ಹೊತ್ತಿಗೆ ಸರಿಯಾಗಿ ಬರ್ತಿಲ್ಲ ಕಣೋ. ಅದಕ್ಕೇ ಒದೆಯುತ್ತೆ. ಮೇಲಿನ ಚಕ್ರ ಬಿಚ್ಚು."

ಬಿಚ್ಚಿದೆ. ಆ ಚಕ್ರ ಜಾರದಂತೆ ಒಳಗೆ ಅರ್ಧಚಂದ್ರದ ಆಕಾರದ ಒಂದು ಸಣ್ಣ ಕಬ್ಬಿಣದ ಚೂರು ಕೂತಿರುತ್ತದೆ. ಅದು ಮುಕ್ಕಾಲು ಪಾಲು ಕತ್ತರಿಸಿಹೋಗಿತ್ತು. ಚಕ್ರ ಜಾರಿತ್ತು, ಕಿಡಿ ಹೊತ್ತಲ್ಲದ ಹೊತ್ತಿಗೆ ಬೀಳುತ್ತಿತ್ತು. ಭಾವ ಕೂತಲ್ಲಿಂದಲೇ, "ಕೆಳಗೆ ಫ್ಯಾನಿನ ಪಿನ್ ನೋಡು" ಎಂದರು. ನೀರಲ್ಲಿ ತಿರುಗುವ ಫ್ಯಾನು ಕಲ್ಲಿಗೋ ಮರಳಿಗೋ ಬಡಿದರೆ ಅದನ್ನು ಹಿಡಿದಿರುವ ಮೆತ್ತಗಿನ ಪಿನ್ ಮುರಿಯುತ್ತದೆ, ಮೋಟಾರು ಉಳಿಯುತ್ತದೆ. ಇದರಲ್ಲಿ ಪಿನ್ನಿನ ಜಾಗದಲ್ಲಿ ಹೆಬ್ಬೆರಳುದ್ದದ ಉಕ್ಕಿನ ಮೊಳೆ ಇತ್ತು.

ಊಟ ಮುಗಿಸಿ ಬಂದ ಚಿಕ್ಕಮ್ಮ ಒಪ್ಪಿಕೊಂಡಳು. "ಮರಳ ದಿಬ್ಬಕ್ಕೆ ತಾಗಿದಾಗೆಲ್ಲ ಪಿನ್ ಮುರೀತಿತ್ತಪ್ಪಾ. ಸಾಕಾಗಿ, ಯಾವತ್ತೂ ಮುರೀದೇ ಇರೋ ಮೊಳೆ ಹೊಡೆಸಿದೆ."

"ಮುರೀಲಿ ಅಂತಾನೇ ಅದನ್ನ ಅಲ್ಲಿ ಇಟ್ಟಿರೋದು ಚಿಕ್ಕಮ್ಮಾ. ಕೆಳಗೆ ಅದು ಮುರೀಲಿಲ್ಲ, ಮೇಲೆ ಇದು ಮುರೀತು" ಎಂದರು ಭಾವ. ಮೊಳೆ ಎಲ್ಲಿಂದ ತಂದದ್ದೆಂದು ಯಾರೂ ಕೇಳಲಿಲ್ಲ. ಕಡವಿನಲ್ಲಿ ಮೊಳೆ ಮಾರುವ ಅಂಗಡಿ ಒಂದೇ ಇರುವುದು.

ಹೊಸ ಚೂರು ಹಾಕಿ, ಮೋಟಾರನ್ನು ಡ್ರಮ್ಮಿಗಿಳಿಸಿ ಹಗ್ಗ ಎಳೆದೆವು. ಮೊದಲ ಎಳೆತಕ್ಕೇ ಹಿಡಿಯಿತು. ಭಾವ ಗೆರೆಯ ಈಚೆಗೆ ಕುರ್ಚಿಯ ಎರಡೂ ಕೈ ಹಿಡಿದು ಕೂತು, ಅದು ಓಡುವುದನ್ನು ಕೇಳಿದರು. ಚಿಕ್ಕಮ್ಮನ ಅಳಿಯ ಮೀಸೆ ಸವರಿಕೊಳ್ಳುವುದನ್ನು ಮರೆತಿದ್ದ.

ಆದರೆ ಅಕ್ಕ ಖಡಾಖಂಡಿತವಾಗಿ ಹೇಳಿದಳು: ದಿನಾ ಬೆರಳು ಕೊಡಲು ತನಗೇನೂ ಹುಚ್ಚು ಹಿಡಿದಿಲ್ಲ, ಬೇರೆ ದಾರಿ ಹುಡುಕಬೇಕು. ಭಾವ ಹುಡುಕಿದರು. ಒಂದು ಹಲಗೆಗೆ ಎರಡು ಮೊಳೆ, ಒಂದು ಅಲುಗದ್ದು, ಇನ್ನೊಂದು ಹಿಂದೆ ಮುಂದೆ ಸರಿಸುವಂಥದ್ದು. ಒಂದಕ್ಕೆ ಪ್ಲಗ್ಗಿನ ತಂತಿ, ಇನ್ನೊಂದರಿಂದ ಮೋಟಾರಿನ ಮೈಗೆ ತಂತಿ. ಹಗ್ಗ ಎಳೆದರೆ ಕಿಡಿ ಮೊಳೆಯಿಂದ ಮೊಳೆಗೆ ಹಾರುತ್ತದೆ. ಗಟ್ಟಿ ಕಿಡಿ ದೂರ ಹಾರುತ್ತದೆ, ಸಪ್ಪೆ ಕಿಡಿ ಹತ್ತಿರದಲ್ಲೇ ಸೋಲುತ್ತದೆ. ಎಷ್ಟು ದೂರ ಹಾರಿದರೆ ಬೆರಳು, ಎಷ್ಟು ಹಾರಿದರೆ ಮೊಣಕೈ ಎಂದು ಹಲಗೆಗೆ ಗುರುತು ಹಾಕಬೇಕಿತ್ತು, ಅಷ್ಟಕ್ಕೆ ಮಾತ್ರ ಒಂದು ನಂಬಿಕಸ್ತ ಕೈ ಬೇಕಿತ್ತು.

"ಕೊನೇ ಸಲ" ಎಂದಳು ಅಕ್ಕ.

ಮೂಲೆಯ ರಾಶಿಯಿಂದ ತರಹೇವಾರಿ ಮೋಟಾರುಗಳನ್ನು ನಾನು ಸ್ಟ್ಯಾಂಡಿಗೇರಿಸಿದೆ. ಪ್ರತಿಯೊಂದಕ್ಕೂ ಅಕ್ಕ ಕಿರುಚುತ್ತಿದ್ದಳು, ತಂತಿ ಬಿಟ್ಟು, ಗೆರೆ ದಾಟಿ ಬಂದು, ಭಾವನ ತೋಳಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು. ಇಲ್ಲಿ ತನಕ. ಆಮೇಲೆ ಅದೇ ಮೋಟಾರಿನ ಕಿಡಿಯನ್ನು ನಾನು ಹಲಗೆಯ ಮೇಲೆ ಹಾರಿಸಿ, ಹಲಗೆ ಬಿಚ್ಚಿಕೊಂಡು ಬಂದು ಕೊಡುತ್ತಿದ್ದೆ, ಭಾವ ಪೆನ್ಸಿಲಿನಿಂದ ಗೀಟು ಹಾಕುತ್ತಿದ್ದರು. ಬೆರಳು ಆಯಿತು. ಮಣಿಕಟ್ಟು ಆಯಿತು. ಮೊಣಕೈ ಆಯಿತು. ಭಾವ ಖುಷಿಯಲ್ಲಿದ್ದರು.

"ಮೇಲೆ ಜಾಗ ಉಳಿದಿದೆ ಕಣೆ" ಎಂದರು ತಮಾಷೆಗೆ. "ಭುಜದ್ದೂ ಒಂದು ಹಾಕ್ಲಾ? ಅಷ್ಟು ದೂರ ಯಾವ ಮೋಟಾರೂ ಬರಲ್ಲ ಬಿಡು."

"ನನಗೆ ಬಂದಿದೆ" ಎಂದಳು ಅಕ್ಕ.

"ಯಾವುದು? ಈ ರಾಶೀಲಿರೋದಾ?"

"ಮೋಟಾರಲ್ಲ. ನೀವು ನಲ್ಲಿ ಹತ್ರ ಬಿದ್ರಲ್ಲ, ಅವತ್ತು." ಅವಳು ಭಾವನ ಎಡಗೈ ಬಿಟ್ಟು, ಅಂಗಿಯ ಮೇಲಿಂದ, ಪೇಸ್‌ಮೇಕರ್ ಉಬ್ಬಿಕೊಂಡಿದ್ದ ಜಾಗದಲ್ಲಿ ಬೆರಳಿಟ್ಟಳು. "ಇಲ್ಲಿ ತನಕ ಬಂತು. ಇನ್ನೂ ಹೋಗಿಲ್ಲ."

ಭಾವ ಪೆನ್ಸಿಲ್ ಹಿಡಿದುಕೊಂಡೇ ಇದ್ದರು. ಗೀಟು ಹಾಕಲಿಲ್ಲ. ನಾನು ಹಗ್ಗ ಸುತ್ತುವ ನೆಪ ಮಾಡಿಕೊಂಡು ಆಚೆ ತಿರುಗಿದೆ.

ಈಗ ಕಡವಿನಲ್ಲಿ ಕಿಡಿ ಅಳೆಯುವುದು ಆ ಹಲಗೆಯೇ. ದೋಣಿಯವರಿಗೆ ಸುಳ್ಳು ಹೇಳುವ ಅವಕಾಶ ತಪ್ಪಿದೆ. ಭಾವನ ಮಾತು ಮತ್ತೆ ನಡೆಯುತ್ತದೆ, ಚಹಾ ಅಂಗಡಿಯಲ್ಲಿ ಮತ್ತೆ ಮೊಣಕೈ ಚಹಾ ಕೇಳುತ್ತಾರೆ.

ಓಡಾಡಿ ಓಡಾಡಿ ನೆಲದ ಗೆರೆ ಮಾಸಿತು. ಅಕ್ಕ ಅದನ್ನು ಗಮನಿಸಿರಲಿಲ್ಲ. ಒಂದು ಬೆಳಿಗ್ಗೆ ಭಾವನೇ ನನ್ನ ಅಂಗಡಿಗೆ ಬಂದು ಕೆಂಪು ಬಣ್ಣ ಕೇಳಿದರು. ನಾನು ಸಂದಿಯಿಂದ ನೋಡಿದೆ. ಕುರ್ಚಿಯ ಕಡೆಯಿಂದಲೇ ಬಗ್ಗಿ, ಗೋಡೆಯಿಂದ ಗೋಡೆಗೆ, ನಿಧಾನವಾಗಿ ಗೆರೆ ಎಳೆದರು. ಹಳೆಯ ಗೆರೆಯ ಮೇಲಲ್ಲ, ಅದಕ್ಕಿಂತ ಒಂದು ಗೇಣು ಈಚೆಗೆ.